ಲೈಸನ್ಸು ರಿನ್ಯೂ ಆತೇನ್ರಿ ಸಿಸ್ಟರ್?

ಈ ಕಡೆ ಬರೆಯದೆ ಮೂರು ತಿಂಗಳಾಯ್ತು. ಕಡಲೆ ಸುಗ್ಗಿ, ಮಕ್ಕಳ ಪರೀಕ್ಷೆ, ಅತ್ತೆಯವರ ಔಷಧೋಪಚಾರ ಅಂತ ನೆಪ ಹೇಳಬಹುದು. ನಿಜ ಹೇಳಬೇಕಂದ್ರೆ ಇಷ್ಟು ದಿನ ಒಂದು ಕಾಗದದ ಹಿಂದೆ ಬಿದ್ದಿದ್ದೆ. ನನ್ನ ನರ್ಸಿಂಗ್ ನೋಂದಣಿಯ ನವೀಕರಣ. ನಮ್ಮ ಆಡುಮಾತಿನಲ್ಲಿ ಲೈಸನ್ಸು ರಿನ್ಯೂವಲ್. ಈ ಸಲದ ಬರಹ ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಸಹಿಸಿಕೊಳ್ಳಿ.

ಶಲವಡಿಯ ನಮ್ಮ ಮನೆಯಲ್ಲಿ ಒಂದು ಹಳೇ ಕಬ್ಬಿಣದ ಟ್ರಂಕು ಇದೆ. ಹೊಲದ ಉತಾರ, ಸೊಸೈಟಿ ಸಾಲದ ರಸೀದಿ, ಮದುವೆ ಫೋಟೋ, ನನ್ನ ಸರ್ಟಿಫಿಕೇಟು ಎಲ್ಲಾ ಅದರಲ್ಲೇ. ಒಂದು ಮಧ್ಯಾಹ್ನ ಅದನ್ನು ಪಡಸಾಲೆಯಲ್ಲಿ ಸುರುವಿಕೊಂಡು ಕೂತಿದ್ದೆ. ಮಾವನವರು ಹೊಲದಿಂದ ಬಂದವರು ನೋಡಿ ಕೇಳಿದರು.

"ಏನವಾ, ಏನ್ ಹುಡಕಾಕತ್ತೀ?"

"ನನ್ನ ನರ್ಸಿಂಗ್ ಕಾಗದಾ ರೀ ಮಾವಾರ. ಅದರ ವಾಯಿದೆ ಮುಗದೈತಿ. ಹೊಸದು ಮಾಡಿಸ್ಬೇಕು."

ಅವರು ಕಾಲು ತೊಳೆದುಕೊಂಡು ಬಂದು ಕೂತರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಗದದ ವಾಯಿದೆ ಮುಗದ್ರ ಮುಗೀಲಿ. ಕಲತಿದ್ದರ ವಾಯಿದೆ ಮುಗೀತೇನವಾ?" ಅಂದರು.

ಪ್ರಶ್ನೆ ತಮಾಷೆಗೆ ಕೇಳಿದ್ದಲ್ಲ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಬರಹ ಅದೇ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ ಅಂದುಕೊಳ್ಳಿ.

ಗೊತ್ತಿಲ್ಲದವರಿಗೆ ಮೊದಲು ಒಂದಿಷ್ಟು ವಿವರ. ನರ್ಸಿಂಗ್ ಪಾಸಾದ ಮಾತ್ರಕ್ಕೆ ನರ್ಸ್ ಆಗೋದಿಲ್ಲ. ರಾಜ್ಯದ ನರ್ಸಿಂಗ್ ಪರಿಷತ್ತಿನ ಪುಸ್ತಕದಲ್ಲಿ ಹೆಸರು ಏರಬೇಕು. ನಮ್ಮಲ್ಲಿ ಇದಕ್ಕೆ ಆಧಾರ 1961ರ ನರ್ಸುಗಳು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರ ಕಾಯ್ದೆ. ಆಗಿನ್ನೂ ಮೈಸೂರು ರಾಜ್ಯ. 1973ರಲ್ಲಿ ನಾಡಿಗೆ ಕರ್ನಾಟಕ ಅಂತ ಹೆಸರಾದ ಮೇಲೆ ಕಾಯ್ದೆಯ ಹೆಸರೂ ಬದಲಾಯಿತು. ದೇಶದ ಮಟ್ಟದಲ್ಲಿ 1947ರ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. ಅದರ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗ ತರುವ ಕಾಯ್ದೆಯನ್ನು ಸಂಸತ್ತು 2023ರ ಆಗಸ್ಟಿನಲ್ಲಿ ಒಪ್ಪಿತು. ಹೀಗೆ ನರ್ಸುಗಳ ಹೆಸರನ್ನು ಬರೆದಿಡಲೆಂದೇ ಇಡೀ ದೇಶಕ್ಕೆ ಒಂದು ಪ್ರತ್ಯೇಕ ಕಾಯ್ದೆ ಜಗತ್ತಿನಲ್ಲಿ ಮೊದಲು ಬಂದದ್ದು ನ್ಯೂಜಿಲೆಂಡಿನಲ್ಲಿ, 1901ರಲ್ಲಿ. ಉದ್ದೇಶ ಸರಳ: ಕಲಿತವರು ಯಾರು, ಕಲಿಯದವರು ಯಾರು ಅನ್ನೋದು ಹಾಸಿಗೆ ಮೇಲೆ ಮಲಗಿದ ರೋಗಿಗೆ ಗೊತ್ತಾಗಬೇಕು.

ಮೊದಲೆಲ್ಲ ಒಮ್ಮೆ ಹೆಸರು ಏರಿದರೆ ಮುಗೀತು ಅನ್ನೋ ಭಾವನೆ ಇತ್ತು. ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಣ ಬಂತು. ಈಗ ಎಲ್ಲ ನರ್ಸುಗಳ ಹೆಸರೂ ಆಧಾರ್ ಜೊತೆ ಕಂಪ್ಯೂಟರಿನ ದಾಖಲೆಯಲ್ಲಿ ಸೇರುತ್ತೆ, ಒಬ್ಬೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಸಿಗುತ್ತೆ. ನವೀಕರಣಕ್ಕೆ ಭಾರತೀಯ ನರ್ಸಿಂಗ್ ಪರಿಷತ್ತು ಹಾಕಿಕೊಟ್ಟ ಲೆಕ್ಕ ಐದು ವರ್ಷದಲ್ಲಿ 150 ಗಂಟೆಗಳ ಮುಂದುವರಿದ ಕಲಿಕೆ. ಅಂದರೆ ವರ್ಷಕ್ಕೆ 30 ಗಂಟೆ. ಕಾರ್ಯಾಗಾರ, ಸಮ್ಮೇಳನ, ತರಬೇತಿ ಇವುಗಳಿಗೆ ಹೋಗಿ ಪ್ರಮಾಣಪತ್ರ ತಂದು ಜೋಡಿಸಬೇಕು.

ಇಲ್ಲೇ ಒಂದು ಸಣ್ಣ ಹೋಲಿಕೆ. ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಾವಳಿಯಲ್ಲಿ ವೈದ್ಯರಿಗೆ ಹೇಳಿರುವುದು ಐದು ವರ್ಷಕ್ಕೆ 30 ಗಂಟೆ. 2023ರಲ್ಲಿ ಹೊಸ ನಿಯಮ ಬಂತು, ಅದೇ ಆಗಸ್ಟಿನಲ್ಲಿ ತಡೆಹಿಡಿದರು, ಹಳೆಯದೇ ಉಳಿಯಿತು. ವೈದ್ಯರಿಗೆ 30, ನರ್ಸುಗಳಿಗೆ 150! ನರ್ಸಿಗೆ ಹೆಚ್ಚು ಕಲಿಕೆ ಬೇಡ ಅಂತ ನಾನು ಹೇಳೋದಿಲ್ಲ. ಆದರೆ ಆ ಕಲಿಕೆಗೆ ರಜೆ, ಹಣ, ಹೋಗಿ ಬರುವ ಅನುಕೂಲ ಯಾರಿಗೆ ಹೆಚ್ಚಿದೆ, ಯಾರಿಗೆ ಕಡಿಮೆ ಇದೆ ಅಂತ ನೀವೇ ಯೋಚನೆ ಮಾಡಿ.

ಈಗ ನನ್ನ ಕಥೆ. ತಪ್ಪು ನನ್ನದೇ, ಮೊದಲೇ ಹೇಳಿಬಿಡ್ತೀನಿ.

ನಾನು ಜಿಎನ್‌ಎಂ ಮುಗಿಸಿದ್ದು 2006ರಲ್ಲಿ, ಹುಬ್ಬಳ್ಳಿಯಲ್ಲಿ. ಆಮೇಲೆ ಹದಿನೈದು ವರ್ಷ ಒಂದಲ್ಲ ಒಂದು ಖಾಸಗಿ ಆಸ್ಪತ್ರೆಯಲ್ಲಿ ದುಡಿದೆ. 2020, 2021ರ ಕೊರೊನಾ ಎರಡೂ ಅಲೆಗಳನ್ನು ವಾರ್ಡಿನಲ್ಲೇ ನೋಡಿದೆ. ಎರಡನೇ ಅಲೆ ಇಳಿದ ಮೇಲೆ ಅತ್ತೆಯವರಿಗೆ ಲಕ್ವಾ ಹೊಡೆಯಿತು. ಮನೆಯಲ್ಲಿ ನರ್ಸಿಂಗ್ ಗೊತ್ತಿದ್ದವಳು ನಾನೊಬ್ಬಳೇ. ಕೆಲಸ ಬಿಟ್ಟು ಊರಿಗೆ ಬಂದೆ. ಅತ್ತೆಯವರನ್ನು ಹೊರಳಿಸೋದು, ಬೆನ್ನು ಒರೆಸೋದು, ಮೂಗಿನ ನಳಿಕೆಯಿಂದ ಗಂಜಿ ಕೊಡೋದು, ಮತ್ತೆ ಒಂದೊಂದೇ ಹೆಜ್ಜೆ ನಡೆಸೋದು. ಆಸ್ಪತ್ರೆಯಲ್ಲಿ ಮಾಡುತ್ತಿದ್ದ ಕೆಲಸವನ್ನೇ ಮನೆಯಲ್ಲಿ ಮಾಡಿದೆ. ಆದರೆ ಅದು ಯಾವ ದಾಖಲೆಗೂ ಸೇರೋದಿಲ್ಲ. 2023ರಲ್ಲಿ ನನ್ನ ನೋಂದಣಿಯ ಅವಧಿ ಮುಗಿಯಿತು. ಫೋನ್ ನಂಬರ್ ಬದಲಾಗಿತ್ತು. ನೆನಪಿಸುವ ಸಂದೇಶ ಹಳೆ ನಂಬರಿಗೆ ಬಂದಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ನಾನೂ ಆ ಕಡೆ ತಲೆ ಹಾಕಲಿಲ್ಲ.

ಈಗ ಅತ್ತೆ ಕೋಲು ಹಿಡಿದು ಅಂಗಳಕ್ಕೆ ಹೋಗ್ತಾರೆ. ಮಕ್ಕಳು ದೊಡ್ಡವರಾದರು. ಮತ್ತೆ ಕೆಲಸಕ್ಕೆ ಹೋಗೋಣ ಅಂತ ಒಂದು ನರ್ಸಿಂಗ್ ಹೋಮಿನಲ್ಲಿ ಕೇಳಿದೆ. ಅಲ್ಲಿನ ಮೇಲ್ವಿಚಾರಕಿ ಕೇಳಿದ ಮೊದಲ ಪ್ರಶ್ನೆಯೇ, "ಲೈಸನ್ಸು ರಿನ್ಯೂ ಆತೇನ್ರಿ ಸಿಸ್ಟರ್?" ಆಗಿಲ್ಲ ಅಂದೆ. ಆದ ಮೇಲೆ ಬರ್ರಿ ಅಂದರು. ಕೇಳಿದ್ದು ಸರಿಯಾಗೇ ಇತ್ತು.

ಟ್ರಂಕಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಒಟ್ಟು 41 ಗಂಟೆಗಳ ಪ್ರಮಾಣಪತ್ರ. ಒಂದೆರಡು ಇಲಿ ಕಡಿದಿದ್ದವು. ಅದರಲ್ಲಿ ಒಂದನ್ನು ಕೈಯಲ್ಲಿ ಹಿಡಿದಾಗ ನಾಚಿಕೆ ಆಯ್ತು. ಅದು ಹಲವು ವರ್ಷದ ಹಿಂದೆ ಒಂದು ಊರಿನ ಸಭಾಂಗಣದಲ್ಲಿ ನಡೆದ ಒಂದು ದಿನದ ಕಾರ್ಯಾಗಾರ. ರಾತ್ರಿ ಪಾಳಿ ಮುಗಿಸಿ ಹೋಗಿದ್ದೆ. ಬೆಳಿಗ್ಗೆ ಸಹಿ ಮಾಡಿದೆವು, ದೀಪ ಹಚ್ಚಿದರು, ಭಾಷಣ ಆಯ್ತು. ಊಟದ ಹೊತ್ತಿಗೆ ಸರ್ಟಿಫಿಕೇಟು ಹಂಚಿಬಿಟ್ಟರು. ಅರ್ಧ ಸಭಾಂಗಣ ಖಾಲಿ. ನಾನೂ ಎದ್ದು ಬಸ್ ಹಿಡಿದೆ. ಮಧ್ಯಾಹ್ನದ ಮೇಲೆ ಏನು ಹೇಳಿಕೊಟ್ಟರೋ ಇವತ್ತಿಗೂ ಗೊತ್ತಿಲ್ಲ. ಆದರೆ ಸರ್ಟಿಫಿಕೇಟಿನ ಪ್ರಕಾರ ನಾನು ಇಡೀ ದಿನ ಕಲಿತಿದ್ದೇನೆ!

ಇಂಥ ಕಾರಣಕ್ಕೇ ನನ್ನ ಬಹಳಷ್ಟು ಗೆಳತಿಯರು ನವೀಕರಣ ಅಂದರೆ ಮೂಗು ಮುರಿಯೋದು. "ಇದೆಲ್ಲ ಫೀ ಕಟ್ಟಿಸ್ಕೊಳ್ಳೋಕ ಮಾಡಿದ್ದ ಬಿಡ. ಮೂವತ್ತು ವರ್ಷ ಹೆರಿಗಿ ಮಾಡಿಸಿದವರಿಗೆ ಯಾರೋ ಬಂದು ಪೇಪರ್ ತೋರ್ಸು ಅಂತಾರ" ಅನ್ನೋದು ಅವರ ಮಾತು. ಆ ಮಾತಿನಲ್ಲಿ ಸತ್ಯ ಇದೆ. ನನಗೆ ಕೈಹಿಡಿದು ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಒಬ್ಬರು ಯಾವ ಕಾರ್ಯಾಗಾರಕ್ಕೂ ಹೋದವರಲ್ಲ. ಮಗುವಿನ ಕೈಯಲ್ಲಿ ರಕ್ತನಾಳ ಹುಡುಕೋದರಲ್ಲಿ ಅವರಿಗೆ ಸಮಾನರಿರಲಿಲ್ಲ.

ನಾನೂ ಬಹುಶಃ ಹಾಗೇ ಬರೆದು ಮುಗಿಸ್ತಿದ್ದೆ. ಆದರೆ ಹೋದ ವರ್ಷ ಹಿಂಗಾರಿಯಲ್ಲಿ ನಡೆದ ಒಂದು ಸಂಗತಿ ನನ್ನನ್ನು ತಡೆಯುತ್ತೆ. ಮನೆಯವರನ್ನು ಬಿಟ್ಟರೆ ಇದನ್ನು ಯಾರಿಗೂ ಹೇಳಿಲ್ಲ.

ನಮ್ಮದು ಎರೆ ಭೂಮಿ. ಕಡಲೆ, ಜೋಳ, ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ. ನೀರು ಹಾಯಿಸೋಕೆ ರಾತ್ರಿ ಹೊಲಕ್ಕೆ ಹೋಗೋದು ರೂಢಿ. ಬೇಸಿಗೆಯಲ್ಲಿ ಬಾಯಿ ಬಿಡುವ ಎರೆಯ ಬಿರುಕು, ಒಡ್ಡಿನ ಹುಲ್ಲು, ಬಣವೆಯ ಬುಡ, ಎಲ್ಲಾ ಕಡೆ ಇಲಿ. ಇಲಿ ಇದ್ದಲ್ಲಿ ಹಾವು. ಒಂದು ರಾತ್ರಿ ಹತ್ತು ಗಂಟೆ ದಾಟಿತ್ತು. ಬಾಗಿಲು ಬಡಿದರು. ನಮ್ಮ ಓಣಿಯ ಒಬ್ಬ ಹುಡುಗ, ಇಪ್ಪತ್ತರ ಆಸುಪಾಸು. ನೀರು ಹಾಯಿಸುವಾಗ ಪಾದದ ಮೇಲೆ ಹಾವು ಕಚ್ಚಿದೆ. ಜೊತೆಗಿದ್ದವರು ಟವೆಲ್ಲಿನಿಂದ ಮೊಣಕಾಲ ಕೆಳಗೆ ಬಿಗಿದು ಕಟ್ಟಿ ಎತ್ತಿಕೊಂಡು ಬಂದಿದ್ದರು.

"ಅಕ್ಕಾರ, ಸ್ವಲ್ಪ ನೋಡ್ರಿ."

ನೋಡಿದೆ. ಎರಡು ಗುರುತು, ಪಾದ ಆಗಲೇ ಊದುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? ಟವೆಲ್ಲಿನ ಕಟ್ಟು ಸಡಿಲಾಗಿದೆ ಅಂತ ಅದನ್ನು ಬಿಚ್ಚಿ, ಇನ್ನೂ ಬಿಗಿಯಾಗಿ ಕಟ್ಟಿದೆ. ನಾನು ಕಲಿಯುವಾಗ ತಲೆಗೆ ಹೊಕ್ಕಿದ್ದು ಅದೇ: ಕಚ್ಚಿದ ಜಾಗದ ಮೇಲೆ ಕಟ್ಟು, ವಿಷ ಏರದ ಹಾಗೆ ತಡಿ. ಕೈ ತಾನಾಗೇ ಅದನ್ನು ಮಾಡಿತು. ಕ್ಷಣ ಕೂಡ ಅನುಮಾನ ಬರಲಿಲ್ಲ. ಸುತ್ತ ನಿಂತವರಿಗೂ ಬರಲಿಲ್ಲ, ಯಾಕಂದ್ರೆ ಕಟ್ಟಿದ್ದು ಸಿಸ್ಟರ್.

ಗಾಡಿ ಸಿದ್ಧವಾಗಿತ್ತು. ಹುಡುಗನ ಅವ್ವನ ಜೊತೆ ನಾನೂ ಹತ್ತಿದೆ. ದೊಡ್ಡ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕಟ್ಟಿನ ಕೆಳಗೆ ಕಾಲು ನೀಲಿಗಟ್ಟಿತ್ತು, ಮುಟ್ಟಿದರೆ ತಣ್ಣಗೆ. ಹುಡುಗ ಹಾವಿಗಿಂತ ಕಟ್ಟಿನ ನೋವಿಗೇ ಹೆಚ್ಚು ಒದ್ದಾಡುತ್ತಿದ್ದ. ಡ್ಯೂಟಿ ಡಾಕ್ಟರ್ ನನ್ನ ಮಗಳ ವಯಸ್ಸಿಗಿಂತ ಹತ್ತು ವರ್ಷ ದೊಡ್ಡವಳಿರಬೇಕು, ಅಷ್ಟೇ. ಕಟ್ಟನ್ನು ಕಂಡ ಕೂಡಲೇ ಬಿಚ್ಚಲಿಲ್ಲ. ಮೊದಲು ರಕ್ತನಾಳಕ್ಕೆ ಸೂಜಿ ಹಾಕಿಸಿ, ವಿಷನಿರೋಧಕ ಔಷಧಿ ಪಕ್ಕದಲ್ಲಿಟ್ಟುಕೊಂಡು, ಆಮೇಲೆ ನಿಧಾನವಾಗಿ ಸಡಿಲಿಸಿದಳು. ಯಾಕಂದ್ರೆ ಬಿಗಿದ ಕಟ್ಟನ್ನು ಒಮ್ಮೆಲೇ ಬಿಚ್ಚಿದರೆ ತಡೆದಿದ್ದ ವಿಷ ಒಟ್ಟಿಗೇ ಮೈಗೆ ನುಗ್ಗಬಹುದು. ಗಾಜಿನ ನಳಿಕೆಯಲ್ಲಿ ಎರಡು ಮಿಲಿ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟರು. ರಕ್ತ ಹೆಪ್ಪುಗಟ್ಟಲಿಲ್ಲ. ಕೊಳಕುಮಂಡಲ ಇರಬೇಕು ಅಂದರು.

ಆಮೇಲೆ ಆ ಡಾಕ್ಟರ್ ನನ್ನ ಕಡೆ ತಿರುಗಿ ಕೇಳಿದಳು, "ಇದನ್ನ ಕಟ್ಟಿದ್ದು ಯಾರು?"

"ನಾನೇ. ನಾನು ನರ್ಸ್" ಅಂದೆ.

ಅವಳು ಬೈಯಲಿಲ್ಲ. "ಸಿಸ್ಟರ್, ಈಗ ಕಟ್ಟೋದಿಲ್ಲ" ಅಂದಳು. ಅಷ್ಟೇ.

ಆ 'ಈಗ' ಅನ್ನೋ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಮನೆಗೆ ಬಂದು ಹುಡುಕಿ ಓದಿದೆ. ಕೇಂದ್ರ ಸರಕಾರದ ಹಾವು ಕಡಿತದ ಮಾರ್ಗಸೂಚಿಯಲ್ಲಿ ಕಟ್ಟಬಾರದು ಅಂತ 2009ರಷ್ಟು ಹಿಂದೆಯೇ ಹೇಳಿದ್ದಾರೆ. ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಧೈರ್ಯ ಹೇಳಿ, ಕಚ್ಚಿದ ಕಾಲು ಅಥವಾ ಕೈಯನ್ನು ಮುರಿದ ಎಲುಬಿಗೆ ಪಟ್ಟಿ ಕಟ್ಟುವ ಹಾಗೆ ಅಲುಗದಂತೆ ಮಾಡಿ, ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ, ದಾರಿಯಲ್ಲಿ ಏನೇನು ಲಕ್ಷಣ ಕಂಡಿರೋ ಡಾಕ್ಟರಿಗೆ ಹೇಳಿ. ನಾಗರಹಾವು, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ವಿಷನಿರೋಧಕ ಔಷಧಿ ನಡೆಯುತ್ತೆ. ಹಾವನ್ನು ಹುಡುಕಿ ಕೊಂದು ತರುವ ಅಗತ್ಯವೂ ಇಲ್ಲ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಮುಂದಿನ ತಿಂಗಳೇ ಕೇಂದ್ರ ಸರಕಾರ 2030ರೊಳಗೆ ಹಾವು ಕಡಿತದ ಸಾವುಗಳನ್ನು ಅರ್ಧಕ್ಕೆ ಇಳಿಸುವ ಕ್ರಿಯಾಯೋಜನೆ ಹೊರಡಿಸಿತು. ಇಷ್ಟೆಲ್ಲಾ ನಡೆದಿರುವಾಗ ನಾನು, ಓದಿದ ನರ್ಸ್, ಹಳೇ ಪಾಠ ಹಿಡಿದು ಒಬ್ಬ ಹುಡುಗನ ಕಾಲನ್ನು ಬಿಗಿಯುತ್ತಿದ್ದೆ.

ಹುಡುಗ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಕಾಲು ಉಳಿಯಿತು. ಅವನ ಅವ್ವ ಈಗಲೂ ಎದುರಿಗೆ ಸಿಕ್ಕಾಗ "ನೀವಿದ್ದದ್ದಕ್ಕ ನನ್ನ ಮಗಾ ಉಳದಾ ರೀ ಅಕ್ಕಾರ" ಅಂತಾಳೆ. ಅದನ್ನು ಕೇಳುವಾಗ ನನಗೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ.

ಹಾಗಾಗಿ ಮಾವನವರ ಪ್ರಶ್ನೆಗೆ ನನ್ನ ಉತ್ತರ: ಹೌದು, ಕಲಿತಿದ್ದಕ್ಕೂ ವಾಯಿದೆ ಇದೆ.

ಬರೀ ಹಾವಿನ ವಿಷಯವಲ್ಲ. ಲೆಕ್ಕ ಹಾಕಿ ನೋಡಿದೆ, ನಾನು 2006ರಲ್ಲಿ ಕಲಿತು ಹೊರಬಿದ್ದ ಮೇಲೆ ಎಷ್ಟೊಂದು ಬದಲಾಗಿದೆ. ಎದೆಬಡಿತ ನಿಂತವರಿಗೆ ಮೊದಲು ಶ್ವಾಸದ ದಾರಿ, ಉಸಿರು, ಆಮೇಲೆ ಎದೆ ಒತ್ತೋದು ಅಂತ ಕಲಿತಿದ್ದೆವು. 2010ರಲ್ಲಿ ಅದು ತಿರುಗಿತು, ಮೊದಲು ಎದೆ ಒತ್ತಬೇಕು. ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಯನ್ನು ತಕ್ಷಣ ಕತ್ತರಿಸೋದೇ ಚುರುಕುತನ ಅಂದುಕೊಂಡಿದ್ದೆವು. 2012ರಿಂದ ವಿಶ್ವ ಆರೋಗ್ಯ ಸಂಸ್ಥೆ ಮಗು ಚೆನ್ನಾಗಿದ್ದರೆ ಒಂದು ನಿಮಿಷವಾದರೂ ಕಾಯಿರಿ ಅನ್ನುತ್ತಿದೆ. ಆ ಒಂದೆರಡು ನಿಮಿಷದಲ್ಲಿ ಮಗುವಿಗೆ ಸೇರುವ ರಕ್ತ ಮುಂದೆ ರಕ್ತಹೀನತೆ ತಡೆಯುತ್ತೆ. ಪೋಲಿಯೋ ಹನಿ 2016ರ ಏಪ್ರಿಲ್ 25ರಂದು ಮೂರು ಬಗೆಯ ವೈರಾಣುವಿನದು ಹೋಗಿ ಎರಡು ಬಗೆಯದು ಬಂತು. 2017ರ ಫೆಬ್ರವರಿಯಲ್ಲಿ ದಡಾರ ರುಬೆಲ್ಲಾ ಲಸಿಕೆ ನಮ್ಮ ರಾಜ್ಯದಿಂದಲೇ ಶುರುವಾಯಿತು. ಆಸ್ಪತ್ರೆ ಕಸದ ನಿಯಮ 1998ರದ್ದು ಹೋಗಿ 2016ರದ್ದು ಬಂತು, ಯಾವ ಕಸ ಯಾವ ಬಣ್ಣದ ಚೀಲಕ್ಕೆ ಅನ್ನೋದೇ ಬದಲಾಯಿತು. ಹೆರಿಗೆಯಾದ ಮೇಲೆ ರಕ್ತ ಹೋಗುವಾಗ ಮೂರು ಗಂಟೆಯೊಳಗೆ ಟ್ರನೆಕ್ಸಾಮಿಕ್ ಆಮ್ಲ ಕೊಟ್ಟರೆ ಬಾಣಂತಿಯರ ಪ್ರಾಣ ಉಳಿಯುತ್ತೆ ಅಂತ ದೊಡ್ಡ ಅಧ್ಯಯನ ತೋರಿಸಿದ್ದು 2017ರಲ್ಲಿ.

ನನಗೆ ಕೆಲಸ ಕಲಿಸಿದ ಆ ಹಿರಿಯ ಸಿಸ್ಟರ್ ಕೈ ಬಂಗಾರದ್ದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಕ್ಕುಳಬಳ್ಳಿ ಬೇಗ ಕತ್ತರಿಸಲು ಕಲಿಸಿದವರೂ ಅವರೇ. ಅನುಭವ ಕೈಯನ್ನು ಪಳಗಿಸುತ್ತೆ. ಮಾಡುತ್ತಿರುವುದು ಸರಿಯೋ ತಪ್ಪೋ ಅಂತ ಅದು ಹೇಳೋದಿಲ್ಲ. ನಾನು ಎಷ್ಟು ಪಳಗಿದ್ದೆನೋ ಅಷ್ಟೇ ಬೇಗ ಆ ಕಟ್ಟನ್ನು ಬಿಗಿದೆ.

ಅಂದಮೇಲೆ ನವೀಕರಣ ಬೇಕು. ಆದರೆ ಈಗಿರೋ ರೀತಿಯಲ್ಲಿ ಸಾಲದು ಅನ್ನೋದು ನನ್ನ ಅಭಿಪ್ರಾಯ. ಊಟದ ಹೊತ್ತಿಗೆ ಹಂಚಿದ ಸರ್ಟಿಫಿಕೇಟು 150 ಗಂಟೆ ಆದರೂ, 1500 ಗಂಟೆ ಆದರೂ ಆ ರಾತ್ರಿ ನನ್ನ ಕೈಯನ್ನು ತಡೆಯುತ್ತಿರಲಿಲ್ಲ. ಕೂತ ಗಂಟೆ ಲೆಕ್ಕ ಹಾಕಿದರೆ ಕೂತಿದ್ದಷ್ಟೇ ಗೊತ್ತಾಗುತ್ತೆ.

ಬೇರೆ ಕಡೆ ಏನು ಮಾಡ್ತಾರೆ? ನನ್ನ ಜೊತೆ ಓದಿದ ಒಬ್ಬಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ 2016ರ ಏಪ್ರಿಲಿನಿಂದ ಹೊಸ ಪದ್ಧತಿ. ಮೂರು ವರ್ಷಕ್ಕೊಮ್ಮೆ ನವೀಕರಣ. ಕಲಿಕೆ ಬರೀ 35 ಗಂಟೆ. ಆದರೆ 450 ಗಂಟೆ ನಿಜವಾಗಿ ಕೆಲಸ ಮಾಡಿರಬೇಕು. ರೋಗಿಗಳಿಂದಲೋ ಸಹೋದ್ಯೋಗಿಗಳಿಂದಲೋ ಬಂದ ಐದು ಅಭಿಪ್ರಾಯ ತೋರಿಸಬೇಕು. ತನ್ನ ಕೆಲಸದ ಬಗ್ಗೆ, ಎಡವಿದ್ದರ ಬಗ್ಗೆಯೂ, ಐದು ಬರಹ ಬರೆದು ಇನ್ನೊಬ್ಬ ನರ್ಸ್ ಜೊತೆ ಕೂತು ಮಾತಾಡಬೇಕು. ಅದೂ ಒಂದೊಂದು ಸಲ ಶಾಸ್ತ್ರಕ್ಕೆ ಮಾಡಿ ಮುಗಿಸೋದು ಆಗುತ್ತೆ ಅಂತ ಅವಳೇ ಹೇಳಿದಳು. ಆದರೂ "ನಾನು ಎಲ್ಲಿ ತಪ್ಪಿದೆ, ಏನು ಕಲಿತೆ" ಅಂತ ಬರೆಯುವ ಜಾಗ ಅದರಲ್ಲಿ ಇದೆ. ಈ ಹಾವಿನ ಕಥೆ ನಾನು ಇಲ್ಲಿ ಬರೆಯೋ ಬದಲು ನನ್ನ ನವೀಕರಣದ ಅರ್ಜಿಯಲ್ಲೇ ಬರೆಯುವಂತಿದ್ದರೆ? ಬರೆದರೆ ಶಿಕ್ಷೆ ಆಗೋದಿಲ್ಲ ಅನ್ನೋ ಭರವಸೆ ಇದ್ದರೆ? ಎಷ್ಟು ಜನ ನರ್ಸುಗಳು ಎಷ್ಟು ಕಥೆ ಬರೆಯುತ್ತಿದ್ದರೋ!

ನಮ್ಮಲ್ಲಿ ಅಷ್ಟು ದೂರ ಹೋಗದೆಯೂ ಆಗೋ ಕೆಲಸಗಳಿವೆ. ನನಗೆ ತೋಚಿದ್ದು ಹೇಳ್ತೀನಿ.

ಒಂದು, ಕಲಿಕೆ ತಾಲ್ಲೂಕಿಗೆ ಬರಲಿ. ಅಣ್ಣಿಗೇರಿಯಲ್ಲಿ, ನವಲಗುಂದದಲ್ಲಿ, ಕುಂದಗೋಳದಲ್ಲಿ, ಕಲಘಟಗಿಯಲ್ಲಿ ಸರಕಾರಿ ದವಾಖಾನೆಗಳಿವೆ. ತಿಂಗಳಿಗೊಂದು ಮಧ್ಯಾಹ್ನ, ಗೊಂಬೆಯ ಎದೆ ಒತ್ತಿ ತೋರಿಸೋದು, ಕಾಲಿಗೆ ಪಟ್ಟಿ ಕಟ್ಟಿ ತೋರಿಸೋದು, ಹೆರಿಗೆಯ ರಕ್ತಸ್ರಾವ ಅಳೆಯೋದು. ಮುಂಗಾರಿಗೆ ಮೊದಲು ಒಂದು ಸಲ ಹಾವು ಕಡಿತ. ಇದನ್ನು ಕಲಿಯಲು ದೊಡ್ಡ ಊರಿನ ಹೋಟೆಲಿನ ಸಭಾಂಗಣ ಬೇಡ. ಸರಕಾರಿ, ಖಾಸಗಿ, ನನ್ನಂತೆ ಮನೆಯಲ್ಲಿರೋರು, ಎಲ್ಲರನ್ನೂ ಕೂರಿಸಲಿ.

ಎರಡು, ಕನ್ನಡದಲ್ಲಿ ಇರಲಿ. ಔಷಧಿ ಹೆಸರು, ಯಂತ್ರದ ಹೆಸರು ಇಂಗ್ಲಿಷಿನಲ್ಲೇ ಇರಲಿ, ಅಡ್ಡಿಯಿಲ್ಲ. ಆದರೆ 'ಯಾಕೆ' ಅನ್ನೋದು ತಿಳಿಯಬೇಕಾದರೆ ನಮ್ಮ ಮಾತಿನಲ್ಲೇ ಹೇಳಬೇಕು. ಪ್ರಶ್ನೆ ಕೇಳೋ ಧೈರ್ಯ ಬರೋದೂ ಆಗಲೇ.

ಮೂರು, ಕೆಲಸ ಬಿಟ್ಟು ಮತ್ತೆ ಬರುವವರಿಗೆ ಒಂದು ಸರಿಯಾದ ಹಾದಿ ಇರಲಿ. ಈ ಕೆಲಸದಲ್ಲಿ ಇರೋರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಬಾಣಂತನ, ಮಕ್ಕಳು, ಹಾಸಿಗೆ ಹಿಡಿದ ಅತ್ತೆ ಮಾವ, ಗಂಡನ ವರ್ಗಾವಣೆ, ಇದರಲ್ಲಿ ಎರಡು ಮೂರು ವರ್ಷ ಹೋಗೋದು ನಮ್ಮ ಬದುಕಿನ ಮಾಮೂಲಿ ಸಂಗತಿ. ಅಂಥವರಿಗೆ ದಂಡ ಹಾಕಿ ಸುಮ್ಮನೆ ಒಳಗೆ ಬಿಟ್ಟುಕೊಳ್ಳೋದು ರೋಗಿಗೆ ಅನ್ಯಾಯ. 150 ಗಂಟೆ ತೋರಿಸು ಅಂತ ಹೊರಗೆ ನಿಲ್ಲಿಸೋದು ಅವರಿಗೆ ಅನ್ಯಾಯ. ಒಂದು ತಿಂಗಳು ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಹಿರಿಯರ ಕೈಕೆಳಗೆ ಕೆಲಸ ಮಾಡಿ ಸೈ ಅನ್ನಿಸಿಕೊಂಡು ಬಾ ಅಂದರೆ ನಾನು ನಾಳೆಯೇ ಹೋಗ್ತೀನಿ.

ನಾಲ್ಕನೆಯದು ನಮ್ಮ ಪರಿಷತ್ತಿಗೆ ಹೇಳೋ ಮಾತಲ್ಲ, ಊರಿಗೆ ಹೇಳೋ ಮಾತು. ವಾಯಿದೆ ಮುಗಿಯೋದು ಹೆಸರು ಏರಿಸಿದವರಿಗೆ ಮಾತ್ರ. ಪುಸ್ತಕದಲ್ಲಿ ಹೆಸರೇ ಇಲ್ಲದವನಿಗೆ ಯಾವ ವಾಯಿದೆ? ಚೀಲದಲ್ಲಿ ಸೂಜಿ, ಸಲಾಯಿನ್ ಬಾಟಲಿ ಇಟ್ಟುಕೊಂಡು ಮನೆಮನೆಗೆ ಬರುವವರು ಯಾವ ಊರಲ್ಲಿಲ್ಲ ಹೇಳಿ? ಸುಸ್ತು ಅಂದರೆ ಬಾಟಲಿ, ಜ್ವರ ಅಂದರೆ ಸೂಜಿ. ಒಂದು ಪದ್ಧತಿಯಲ್ಲಿ ನೋಂದಾಯಿಸಿಕೊಂಡವರು ಇನ್ನೊಂದು ಪದ್ಧತಿಯ ಔಷಧಿ ಕೊಟ್ಟರೆ ಅದು ನಿರ್ಲಕ್ಷ್ಯವೇ ಅಂತ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಇನ್ನು ಯಾವ ಪದ್ಧತಿಯೂ ಕಲಿಯದವರ ಮಾತು ಬಿಡಿ. ಔಷಧಿ ಅಂಗಡಿಯದ್ದೂ ಅದೇ ಕಥೆ. 1948ರ ಫಾರ್ಮಸಿ ಕಾಯ್ದೆ ಪ್ರಕಾರ ಡಾಕ್ಟರ್ ಚೀಟಿಗೆ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟು. ಎಷ್ಟೋ ಕಡೆ ಅವರ ಸರ್ಟಿಫಿಕೇಟು ಗೋಡೆಯ ಮೇಲಿರುತ್ತೆ, ಮನುಷ್ಯ ಇನ್ನೆಲ್ಲೋ ಇರ್ತಾರೆ.

ನಾವು ಕೇಳೋದಿಲ್ಲ. ಬಿತ್ತುವ ಬೀಜದ ಚೀಲ ತಿರುಗಿಸಿ ದಿನಾಂಕ ನೋಡ್ತೀವಿ, ಅಂಗಡಿ ಬಿಸ್ಕತ್ತಿನದ್ದೂ ನೋಡ್ತೀವಿ. ಮೈಗೆ ಸೂಜಿ ಚುಚ್ಚುವವರನ್ನು ಏನು ಓದಿದೀರಿ ಅಂತ ಕೇಳಲು ಸಂಕೋಚ. ಆ ರಾತ್ರಿ ನನ್ನನ್ನು ಯಾರೂ ಕೇಳಲಿಲ್ಲ, ನನ್ನ ನೋಂದಣಿ ಚಾಲ್ತಿಯಲ್ಲಿದೆಯಾ ಅಂತ. ಕೇಳುವ ಹೊತ್ತೂ ಅದಲ್ಲ, ನಿಜ. ಆದರೆ ಹಗಲು ಹೊತ್ತಿನಲ್ಲಿ, ದವಾಖಾನೆಯ ಬಾಗಿಲಲ್ಲಿ, ಮರ್ಯಾದೆಯಿಂದಲೇ ಕೇಳಬಹುದಲ್ಲ? ನಿಜವಾಗಿ ಕಲಿತವರು ಸಿಟ್ಟಾಗೋದಿಲ್ಲ. ಸಿಟ್ಟಾದರೆ ಸ್ವಲ್ಪ ಯೋಚನೆ ಮಾಡಿ.

ಈಗ ನನ್ನ ಅರ್ಜಿಗೆ ಬರ್ತೀನಿ. 41 ಗಂಟೆಯಲ್ಲಿ ಆ ಊಟದ ಹೊತ್ತಿನ ಸರ್ಟಿಫಿಕೇಟನ್ನು ತೆಗೆದಿಟ್ಟೆ. ಅದು ಬಿಟ್ಟು ಉಳಿದದ್ದು 35. ಗೆಳತಿಯೊಬ್ಬಳು "ಹುಚ್ಚಿ ಏನ, ಇದ್ದದ್ದನ್ನೂ ಕಳ್ಕೋತಿ" ಅಂತ ಬೈದಳು. ಇರಬಹುದು. ಈಗ ವಾರಕ್ಕೊಂದು ದಿನ ಅಣ್ಣಿಗೇರಿಯಿಂದ ರೈಲು ಹಿಡಿದು ಹುಬ್ಬಳ್ಳಿಗೆ ಹೋಗಿ ತರಬೇತಿ ಕೂರ್ತಿದ್ದೀನಿ. ಮೊದಲ ಸಾಲಿನಲ್ಲಿ ಕೂತು ಪ್ರಶ್ನೆ ಕೇಳ್ತೀನಿ. ಕಿರಿಯ ಹುಡುಗಿಯರು ಹಿಂದೆ ನಗ್ತಾರೆ. ನಗಲಿ. ಗಂಟೆಗಳು ತುಂಬಲು ಇನ್ನೂ ಬಹಳ ತಿಂಗಳು ಬೇಕು. ಆ ನರ್ಸಿಂಗ್ ಹೋಮಿನವರು ಅಲ್ಲಿಯವರೆಗೆ ಕಾಯ್ತಾರೋ ಇಲ್ಲವೋ.

ಹಾವಿನ ವಿಷಯ ಮಾತ್ರ ಕಾಯಲಿಲ್ಲ. ಹೋದ ತಿಂಗಳು ನಮ್ಮ ಓಣಿಯ ಹೆಣ್ಣುಮಕ್ಕಳ ಸಂಘದವರನ್ನು ಕೂರಿಸಿಕೊಂಡು, ಕಟ್ಟಬಾರದು ಅಂತ ಹೇಳಿದೆ. ನಾನು ಕಟ್ಟಿದ್ದೆ, ಅದು ತಪ್ಪಾಗಿತ್ತು ಅಂತಲೂ ಹೇಳಿದೆ. ಆ ಹುಡುಗನ ಅವ್ವನೂ ಅಲ್ಲಿದ್ದಳು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ, "ಹಂಗಾರ ಏನ್ ಮಾಡಬೇಕು, ಇನ್ನೊಮ್ಮೆ ಹೇಳ್ರಿ ಅಕ್ಕಾರ" ಅಂದಳು. ಇನ್ನೊಮ್ಮೆ ಹೇಳಿದೆ.

ಮಾವನವರಿಗೂ ಅವತ್ತೇ ಉತ್ತರ ಹೇಳಿದ್ದೆ, ಕಲಿತಿದ್ದಕ್ಕೂ ವಾಯಿದೆ ಇರುತ್ತೆ ರೀ ಅಂತ. ಅವರು ಒಪ್ಪಿದ್ದು ಅವರದೇ ರೀತಿಯಲ್ಲಿ. "ಹೌದು ಬಿಡವಾ. ಮನೀ ಬೀಜಾನೂ ಬಿತ್ತೂಕಿಂತ ಮೊದಲ ಹಸೀ ಗೋಣಿತಟ್ಟಿನ್ಯಾಗ ಇಟ್ಟು ಮೊಳಕಿ ಬರ್ತಾವೋ ಇಲ್ಲೋ ನೋಡ್ತೀವಿ. ನಮ್ಮ ಬೀಜ ಅಂತ ನಂಬಿ ಸುಮ್ಮನ ಬಿತ್ತಿದ್ರ ವರ್ಷ ಹೋಗ್ತೈತಿ" ಅಂದರು.

ನಿಮ್ಮಲ್ಲಿ ಯಾರಾದರೂ ನರ್ಸ್, ಫಾರ್ಮಸಿಸ್ಟ್, ಲ್ಯಾಬಿನವರು ಇದ್ದರೆ ನಿಮ್ಮ ನವೀಕರಣದ ಅನುಭವ ಕೆಳಗೆ ಬರೀರಿ. ಬಿಗಿದು ಕಟ್ಟಿದ್ದರೆ ಅದನ್ನೂ ಬರೀರಿ. ಇಲ್ಲಿ ಯಾರೂ ಬೈಯೋದಿಲ್ಲ.

ಮತ್ತೆ ಸಿಗೋಣ.